ಗೋವಾದ ಮಳೆಗಾಲಕ್ಕೆ ಮೊದಲು ಮನೆ ಪಕ್ಕದ ಶೆಡ್ಡನ್ನು ಬೈಕ್ ಗ್ಯಾರೇಜ್ ಮಾಡಬೇಕು, ಎಲ್ಲಿಂದ ಶುರು ಮಾಡಲಿ?

ಚಿಕಾಲಿಂ ಕಿಕ್ಕರ್

ವಾಸ್ಕೋ ಪಕ್ಕ ಚಿಕಾಲಿಂನಲ್ಲಿ ಮನೆ. ಮನೆಗೆ ತಾಗಿದಂತೆ ಹಳೆಯ ಶೆಡ್ ಒಂದಿದೆ: 10 ಅಡಿ ಅಗಲ, 14 ಅಡಿ ಉದ್ದ. ಮೂರು ಕಡೆ ಗಾರೆ ಬಳಿಯದ ಚಿರೆಕಲ್ಲಿನ (ಲ್ಯಾಟರೈಟ್) ಗೋಡೆ, ಮೇಲೆ ಮಂಗಳೂರು ಹೆಂಚು, ಪಶ್ಚಿಮದ ಕಡೆ ಪೂರ್ತಿ ಬಯಲು. ನೆಲ ಮಣ್ಣಿನದು, ಮೇಲೊಂದಿಷ್ಟು ಜಲ್ಲಿ. ಮನೆಯಿಂದ ಎಳೆದ ಬಲ್ಬಿನ ವೈರೊಂದು ಬಿಟ್ಟರೆ ಕರೆಂಟ್ ಇಲ್ಲ. ಬಾವಿ ಶೆಡ್ಡಿನಿಂದ ಸುಮಾರು 20 ಅಡಿ ದೂರ.

ಗಾಡಿಗಳು ಎರಡು: 2022ರ ಕ್ಲಾಸಿಕ್ 350, 2012ರ ಸ್ಪ್ಲೆಂಡರ್ ಪ್ಲಸ್. ಎರಡಕ್ಕೂ ಸೆಂಟರ್ ಸ್ಟ್ಯಾಂಡ್ ಇದೆ. ಎಂಜಿನ್ ಬಿಚ್ಚುವ ಆಸೆ ಇಲ್ಲ. ಆಯಿಲ್, ಚೈನ್, ಬ್ರೇಕ್, ಕೇಬಲ್, ಚಕ್ರ ಬಿಚ್ಚಿ ಹಾಕುವುದು, ಮುಂದೆ ಕೈ ಕುದುರಿದರೆ ಫೋರ್ಕ್ ಸೀಲ್ (ಮುಂದಿನ ಶಾಕ್‌ನ ಎಣ್ಣೆ ತಡೆಯುವ ರಬ್ಬರ್), ಇಷ್ಟು ಸಾಕು.

ಈಗ ಫೆಬ್ರವರಿ, ಜೂನ್ ಮೊದಲ ವಾರದೊಳಗೆ ಮುಗಿಯಬೇಕು. ಹಣ ಒಂದೇ ಸಲ ಸುರಿಯಲು ಆಗುವುದಿಲ್ಲ, ಹಾಗಾಗಿ ಯಾವುದು ಮೊದಲು ಯಾವುದು ಆಮೇಲೆ ಎನ್ನುವುದೇ ಮುಖ್ಯ ಪ್ರಶ್ನೆ. ನೆಲಕ್ಕೆ ಟೈಲ್ಸೋ, ಎಪಾಕ್ಸಿಯೋ (ಗಟ್ಟಿಯಾಗುವ ರಾಳದ ಲೇಪ), ಶಹಾಬಾದ್ ಕಲ್ಲೋ? ಕಂಪ್ರೆಸರ್ ಬೇಕೇ? ಚಕ್ರ ಎತ್ತಿ ಹಿಡಿಯುವ ಪ್ಯಾಡಾಕ್ ಸ್ಟ್ಯಾಂಡ್ ತಗೊಳ್ಳಲೋ, ಲಿಫ್ಟ್ ಟೇಬಲ್ಲೋ? ಸ್ಪ್ಯಾನರ್‌ಗಳು ತುಕ್ಕು ಹಿಡಿಯದಂತೆ ಏನು ಮಾಡುವುದು?

ನೆಲಗಟ್ಟು, ಮಡಗಾಂವ್

ಹತ್ಯಾರಗಳಿಗೆ ಈಗ ಒಂದು ರೂಪಾಯಿಯೂ ಬೇಡ. ಮೊದಲು ನೆಲ, ಆಮೇಲೆ ಪಶ್ಚಿಮದ ಬಾಯಿ, ಆಮೇಲೆ ಕರೆಂಟ್. ಗೋವಾದಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ, ಹೆಚ್ಚಿನದೆಲ್ಲ ನಾಲ್ಕು ತಿಂಗಳಲ್ಲೇ. ಮಣ್ಣಿನ ನೆಲದ ಶೆಡ್ಡಿನಲ್ಲಿ ನೀರು ಮೇಲಿನಿಂದ ಬರದಿದ್ದರೂ ಕೆಳಗಿನಿಂದ ಆವಿಯಾಗಿ ಏರುತ್ತಲೇ ಇರುತ್ತದೆ. ಆ ಆವಿ ಗಾಡಿಯ ಹೊಟ್ಟೆಗೇ ಮೊದಲು ತಾಗುವುದು. ಇದನ್ನು ನಿಲ್ಲಿಸದೆ ಒಳಗೆ ಎಷ್ಟು ಬೆಲೆಯ ಪೆಟ್ಟಿಗೆ ಇಟ್ಟರೂ ಆಗಸ್ಟಿಗೆ ಕೆಂಪಗಾಗುತ್ತದೆ.

ನೆಲ ಕೆಳಗಿನಿಂದ ಮೇಲಕ್ಕೆ ಹೀಗೆ ಬರಲಿ. ಜಲ್ಲಿ ಕೆದಕಿ ತೆಗೆದು, 150 ಮಿ.ಮೀ. ಚಿರೆಕಲ್ಲಿನ ಚೂರು ತುಂಬಿ ನೀರು ಹಾಕಿ ದಿಮ್ಮಸು ಹೊಡೆಸಿ. ಮೇಲೆ 50 ಮಿ.ಮೀ. ಮರಳು. ಅದರ ಮೇಲೆ 250 ಮೈಕ್ರಾನಿನ ಪಾಲಿಥಿನ್ ಹಾಳೆ. ಹಾಳೆಗಳು ಒಂದರ ಮೇಲೊಂದು 300 ಮಿ.ಮೀ. ಹೊದೆಯಲಿ, ಅಂಚು ಗೋಡೆಗೆ ತಿರುಗಿ ಮೇಲೇಳಲಿ. ಕೆಲಸದವರು "ಇದ್ಯಾಕೆ ಸುಮ್ಮನೆ" ಎಂದು ಬಿಟ್ಟುಬಿಡುವುದು ಇದನ್ನೇ, ಆದ್ದರಿಂದ ಆ ಹೊತ್ತಿಗೆ ನೀವೇ ಎದುರು ನಿಂತಿರಿ. ಮೇಲೆ 100 ಮಿ.ಮೀ. ಕಾಂಕ್ರೀಟ್, ಸಿಮೆಂಟ್, ಮರಳು, ಜಲ್ಲಿ 1:1.5:3 ಪ್ರಮಾಣದಲ್ಲಿ. ನಿಮ್ಮ ನೆಲ ಸರಿಸುಮಾರು 13 ಚದರ ಮೀಟರ್, ಅಂದರೆ 1.3 ಘನ ಮೀಟರ್ ಕಾಂಕ್ರೀಟ್: 50 ಕಿಲೋ ಚೀಲದ ಸಿಮೆಂಟ್ 11, ಮರಳು 0.55 ಘನ ಮೀಟರ್, 20 ಮಿ.ಮೀ. ಜಲ್ಲಿ 1.1 ಘನ ಮೀಟರ್. ಸ್ವಲ್ಪ ಹೆಚ್ಚೇ ತರಿಸಿ. ಮುಗಿದ ನೆಲ ಹೊರಗಿನ ಅಂಗಳಕ್ಕಿಂತ ಕನಿಷ್ಠ 150 ಮಿ.ಮೀ. ಎತ್ತರ ಇರಬೇಕು.

ಇಳಿಜಾರು ಬಾಗಿಲ ಕಡೆಗೆ 100ಕ್ಕೆ 1. 14 ಅಡಿಗೆ ಸುಮಾರು 43 ಮಿ.ಮೀ. ಇಳಿಯುತ್ತದೆ; ಸೆಂಟರ್ ಸ್ಟ್ಯಾಂಡಿನಲ್ಲಿ ನಿಂತ ಗಾಡಿಗೆ ಅದು ಗೊತ್ತೂ ಆಗುವುದಿಲ್ಲ. 50ಕ್ಕೆ 1 ಮಾಡಿದರೆ ಸ್ಟ್ಯಾಂಡಿನಿಂದ ಗಾಡಿ ಜಾರುವ ಭಯ. ಉದ್ದದ ನಡುವೆ ಅಡ್ಡಲಾಗಿ 25 ಮಿ.ಮೀ. ಆಳದ ಒಂದು ಗೀರು ಹೊಡೆಸಿ. ಕಾಂಕ್ರೀಟ್ ಕುಗ್ಗುವಾಗ ಬಿರುಕು ಬಿಟ್ಟೇ ಬಿಡುತ್ತದೆ, ಅದು ನಾವು ಹೇಳಿದ ಕಡೆ ಬಿಡಲಿ ಎಂದು. ಏಳು ದಿನ ಒದ್ದೆ ಗೋಣಿಚೀಲ ಹೊದಿಸಿ ಕ್ಯೂರಿಂಗ್. ಫೆಬ್ರವರಿ ಕೊನೆಗೆ ಹಾಕಿದರೆ ಮಾರ್ಚ್ ಕೊನೆಗೆ 28 ದಿನ ತುಂಬುತ್ತದೆ.

ಮೇಲ್ಮೈಗೆ ಬರೋಣ. ವಿಟ್ರಿಫೈಡ್ ಟೈಲ್ಸ್ ಬೇಡವೇ ಬೇಡ. ಎಣ್ಣೆ ಒಂದು ಹನಿ ಬಿದ್ದರೆ ಕಾಲು ನಿಲ್ಲುವುದಿಲ್ಲ. ಸೈಡ್ ಸ್ಟ್ಯಾಂಡಿನ ಪಾದ ಟೈಲ್ಸಿನ ಪೊಳ್ಳು ಜಾಗದ ಮೇಲೆ ಕೂತರೆ ಒಡೆಯುತ್ತದೆ. ನಮ್ಮ ಕಲಬುರಗಿ ಕಡೆಯ ಶಹಾಬಾದ್ ಕಲ್ಲು ಗಟ್ಟಿ, ಜಾರುವುದೂ ಕಡಿಮೆ. ಆದರೆ ಅದು ಸುಣ್ಣಕಲ್ಲು. ಬ್ಯಾಟರಿ ಆಸಿಡ್ ಬಿದ್ದ ಕಡೆ ನೊರೆ ಎದ್ದು ಹಳ್ಳವಾಗುತ್ತದೆ, ಸಂದುಗಳಲ್ಲಿ ವಾಷರ್, ಸರ್ಕ್ಲಿಪ್‌ನಂಥ ಚಿಕ್ಕ ತುಂಡು ಸೇರಿದರೆ ಹುಡುಕುವುದೇ ಒಂದು ಕೆಲಸ. ಎಪಾಕ್ಸಿ ಚೆಂದ, ಎಣ್ಣೆ ಒರೆಸಿದರೆ ಹೋಗುತ್ತದೆ, ಆದರೆ ಕೆಳಗೆ ತೇವ ಇದ್ದರೆ ಮೊದಲ ಮಳೆಗಾಲಕ್ಕೇ ಗುಳ್ಳೆ ಎದ್ದು ಸಿಪ್ಪೆ ಸುಲಿಯುತ್ತದೆ. ಬಳಿಯುವ ಮುಂಚೆ ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ ಒಂದು ದಿನ ಬಿಡಿ. ಒಳಮೈಯಲ್ಲಿ ಬೆವರಿದರೆ ಅಥವಾ ಕಾಂಕ್ರೀಟ್ ಬಣ್ಣ ಗಾಢವಾದರೆ ಎಪಾಕ್ಸಿ ಆಸೆ ಬಿಡಿ.

ಚಿಕಾಲಿಂಗೆ ನನ್ನ ಆಯ್ಕೆ ಬರೀ ಕಾಂಕ್ರೀಟ್, ಮೇಲೆ ಸೋಡಿಯಂ ಸಿಲಿಕೇಟ್ ಹಾರ್ಡನರ್. ಅದು ಪದರ ಕಟ್ಟದೆ ಒಳಗೆ ಇಳಿದು ಗಟ್ಟಿಯಾಗುತ್ತದೆ. ಪದರವೇ ಇಲ್ಲದ ಮೇಲೆ ಸುಲಿಯುವುದೇನು? ಎಣ್ಣೆಕಲೆ ಸ್ವಲ್ಪ ಉಳಿಯುತ್ತದೆ, ಇರಲಿ, ಗ್ಯಾರೇಜ್ ತಾನೇ. ಊರ ಮನೆಗಳ ಕೆಂಪು ರೆಡ್ ಆಕ್ಸೈಡ್ ನುಣುಪು ಮಾತ್ರ ಮಾಡಿಸಬೇಡಿ, ಮರದ ಹಲಗೆಯಲ್ಲಿ ಉಜ್ಜಿದ ಒರಟು ಮೈ ಸಾಕು.

ಪಶ್ಚಿಮದ ಬಾಯಿ ದೊಡ್ಡ ತಲೆನೋವು. ಮುಂಗಾರಿನ ಗಾಳಿ ನೈಋತ್ಯದಿಂದ ಬಂದು ಮಳೆಯನ್ನು ಅಡ್ಡಕ್ಕೆ ಹೊಡೆಯುತ್ತದೆ, ಅದರೊಟ್ಟಿಗೆ ಸಮುದ್ರದ ಉಪ್ಪು. ಸೂರನ್ನು ನಾಲ್ಕು ಅಡಿ ಮುಂದಕ್ಕೆ ಚಾಚಿ, ಎರಡು ರೆಕ್ಕೆಯ ಬಾಗಿಲು ಹಾಕಿ. ಸಾದಾ ರೋಲಿಂಗ್ ಶಟರ್ ಈ ಗಾಳಿಗೆ ಪಟ್ಟಿಯ ಮಡಿಕೆಯಲ್ಲೇ ತುಕ್ಕು ಹಿಡಿದು ಸಿಕ್ಕಿಕೊಳ್ಳುತ್ತದೆ. ಬಾಗಿಲ ಒಳಗಡೆ ಅಡ್ಡಲಾಗಿ 100 ಮಿ.ಮೀ. ಅಗಲದ ಒಂದು ಕಾಲುವೆ, ಕೊನೆಗೆ ಮುಚ್ಚಳದ ಗುಂಡಿ. ಚೆಲ್ಲಿದ ಎಣ್ಣೆ ಅಂಗಳಕ್ಕೆ ಹೋಗದೆ ಗುಂಡಿಯಲ್ಲೇ ನಿಲ್ಲಬೇಕು, ಏಕೆಂದರೆ ನಿಮ್ಮ ಬಾವಿ 20 ಅಡಿಯಲ್ಲಿದೆ ಮತ್ತು ಚಿರೆಕಲ್ಲಿನ ನೆಲ ಜರಡಿಯಿದ್ದ ಹಾಗೆ.

ಮುಚ್ಚಿದ ಶೆಡ್ಡಿಗೆ ಗಾಳಿಕಿಂಡಿ ಬೇಕು. ಒಂದು ಗೋಡೆಯಲ್ಲಿ ನೆಲದಿಂದ 150 ಮಿ.ಮೀ. ಮೇಲೆ ಎರಡು, ಎದುರು ಗೋಡೆಯಲ್ಲಿ ಹೆಂಚಿನ ಕೆಳಗೆ ಎರಡು. ಇಲಿ ನುಗ್ಗದಂತೆ 6 ಮಿ.ಮೀ. ಕಣ್ಣಿನ ಸ್ಟೇನ್‌ಲೆಸ್ ಜಾಲರಿ. ಮಳೆಗಾಲದಲ್ಲಿ ಇಲಿಗೆ ಬೆಚ್ಚಗಿನ ಜಾಗ ಎಂದರೆ ಸೀಟಿನ ಕೆಳಗಿನ ವೈರಿಂಗ್.

ಪಾನಾಪಕ್ಕಡ್, ಪುಣೆ

ನೆಲದ್ದು ಮ್ಯಾಲೆ ಹೇಳಿದ್ದು ಬರೋಬ್ಬರಿ ಅದ. ನಾ ಹತ್ಯಾರದ ಮಾತು ಹೇಳ್ತೀನ್ರಿ.

108 ತುಂಡಿನ ಹೊಳಿಯೋ ಡಬ್ಬಿ ಸೆಟ್ ತಗೋಬ್ಯಾಡ್ರಿ. ಅದರಾಗ ಅರ್ಧ ನಿಮ್ಮ ಗಾಡಿಗೆ ಹತ್ತೂದೇ ಇಲ್ಲ, ಮತ್ತ ಸಾಕೆಟ್ ಹನ್ನೆರಡು ಮೂಲಿವು ಇರಬಹುದು. ಆರು ಮೂಲಿ ಸಾಕೆಟ್ ನಟ್ಟಿನ ಚಪ್ಪಟಿ ಮೈ ಹಿಡೀತದ, ಹನ್ನೆರಡರದ್ದು ಮೂಲಿ ಹಿಡೀತದ. ಉಪ್ಪುಗಾಳಿಗೆ ತುಕ್ಕು ಕಟ್ಟಿದ ನಟ್ಟಿನ ಮೂಲಿ ಒಮ್ಮೆ ಸವೀತಂದ್ರ ಮುಂದ ಉಳಿ-ಸುತ್ತಿಗಿ ಕೆಲಸ.

ಬಿಡಿಬಿಡಿಯಾಗಿ ಕೊಳ್ರಿ: ಕಾಂಬಿನೇಷನ್ ಸ್ಪ್ಯಾನರ್ 8, 10, 12, 13, 14, 17, 19, 24. ಮೂರೆಂಟು (3/8) ಇಂಚಿನ ರ‍್ಯಾಚೆಟ್, 8ರಿಂದ 19ರ ತನಕ ಆರು ಮೂಲಿ ಸಾಕೆಟ್, 75 ಮತ್ತು 150 ಮಿ.ಮೀ. ಎಕ್ಸ್‌ಟೆನ್ಶನ್. ಅಲನ್ ಬಿಟ್ 4, 5, 6, 8. ಟಿ-ಸ್ಪ್ಯಾನರ್ 8, 10, 12; ಸ್ಪ್ಲೆಂಡರಿನ ಅರ್ಧ ಗಾಡಿ ಇವು ಮೂರರಾಗ ಬಿಚ್ತದ. 150 ಮಿ.ಮೀ. ವರ್ನಿಯರ್ (ಸಣ್ಣ ಅಳತಿ ತಗೋಳೋ ಪಟ್ಟಿ), ಫೀಲರ್ ಗೇಜ್ (ಸಂದಿ ಅಳಿಯೋ ತೆಳು ತಗಡು), ಸರ್ಕ್ಲಿಪ್ ಪ್ಲೈಯರ್, ಮಲ್ಟಿಮೀಟರ್, ರಬ್ಬರ್ ಸುತ್ತಿಗಿ. ಹಿಂದಿನ ಅಚ್ಚಿನ ನಟ್ಟಿಗೆ ಮೊದಲು ವರ್ನಿಯರ್ ಹಚ್ಚಿ ಅಳತಿ ನೋಡಿ ಸಾಕೆಟ್ ತಗೊಳ್ರಿ, ಅಂದಾಜಿಗೆ ಬ್ಯಾಡ. ಮುಂಬೈಗೆ ಹೋದರ ನಾಗದೇವಿ ಸ್ಟ್ರೀಟ್, ಪುಣೆಗೆ ಬಂದರ ರವಿವಾರ ಪೇಠದ ಬೋಹ್ರಿ ಆಳಿ. ಸ್ಪೇರ್ ಪಾರ್ಟಿಗೆ ಇಲ್ಲೆ ನಾನಾ ಪೇಠ. ಕೈಯಾಗ ಹಿಡಿದು ನೋಡಿ ತಗೊಳ್ಳೂದು ಬ್ಯಾರೆ, ಫೋಟೋ ನೋಡಿ ತರಿಸೂದು ಬ್ಯಾರೆ.

ಸ್ಪ್ಲೆಂಡರಿನ ಪ್ಲಸ್ ಸ್ಕ್ರೂ ಬಗ್ಗೆ ಒಂದು ಮಾತು. ಅವು ಹೋಂಡಾ ವಂಶದ್ವು, ಜೆಐಎಸ್ (ಜಪಾನಿನ ಮಾನದಂಡ) ಅಳತಿವು. ಸಾದಾ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರಾಗ ತಳಾ ಮುಟ್ಟೂದಿಲ್ಲ. ಜೋರ್ ಹಾಕಿದ್ರ ಹೊರಗ ಜಿಗಿದು ತಲಿ ಕೆತ್ತಿ ಹಾಕ್ತದ. ಜೆಐಎಸ್ 2 ಮತ್ತು 3 ನಂಬರ್ ತಗೊಳ್ರಿ, ಜೋಡಿ ಸುತ್ತಿಗಿಲೆ ಹೊಡೆಯೋ ಇಂಪ್ಯಾಕ್ಟ್ ಡ್ರೈವರ್ ಒಂದು. ಎಂಜಿನ್ ಕವರಿನ ಬಿಗಿ ಸ್ಕ್ರೂ ಅದರಿಂದನ ಬರ್ತಾವ.

ಟಾರ್ಕ್ ರೆಂಚ್ (ಬೇಕಾದಷ್ಟು ಬಿಗಿ ಆದ ಕೂಡ್ಲೆ ಕ್ಲಿಕ್ ಅನ್ನೋ ಪಾನಾ) ಎರಡು ಬೇಕ್ರಿ, ಒಂದಲ್ಲ. 5–25 ನ್ಯೂಟನ್ ಮೀಟರಿಂದು ಒಂದು, 20–110ದ್ದು ಒಂದು. ಎಂ6 (6 ಮಿ.ಮೀ. ದಪ್ಪದ) ಬೋಲ್ಟಿಗೆ ಸುಮಾರು 10, ಎಂ8ಕ್ಕ 22–25. ಖರೇ ಅಂಕಿ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ಲಿನಾಗ ನೋಡ್ರಿ. ದೊಡ್ಡ ರೆಂಚಿನಾಗ 10 ಇಟ್ರ ಅದು ಕ್ಲಿಕ್ ಅನ್ನೂದರಾಗ ಅಲ್ಯೂಮಿನಿಯಂ ಹಲ್ಲು ಸುಲಿದಿರ್ತದ. ಕೆಲಸ ಮುಗಿದ ಮ್ಯಾಲೆ ಅತಿ ಕಡಿಮಿ ಅಂಕಿಗೆ ಇಳಿಸಿ ಇಡ್ರಿ, ಇಲ್ಲಾಂದ್ರ ಒಳಗಿನ ಸ್ಪ್ರಿಂಗ್ ಸೋಲ್ತದ. ಇನ್ನೊಂದು: ಮ್ಯಾನ್ಯುಯಲ್ ಹೇಳೋ ಅಂಕಿ ಒಣಾ ಹಲ್ಲಿಂದು, ಬ್ಯಾರೆ ಹೇಳದ ಹೊರತು. ಗ್ರೀಸ್ ಹಚ್ಚಿ ಅಷ್ಟೇ ಟಾರ್ಕ್ ಕೊಟ್ರ ತಿಕ್ಕಾಟ ಕಡಿಮಿ ಆಗಿ ಬೋಲ್ಟ್ ಹೆಚ್ಚು ಜಗ್ತದ, ಕಡೀಕೆ ಕಡೀತದ.

ಡ್ರೇನ್ ಬೋಲ್ಟಿನ ವಾಷರ್ ಪ್ರತಿ ಸಲ ಹೊಸಾದು. ಹಳೇದು ಒಮ್ಮೆ ಒತ್ತಿ ಗಟ್ಟಿ ಆಗಿರ್ತದ, ಸೋರ್ತದ. ಸೋರಿತಂತ ಇನ್ನಷ್ಟು ಬಿಗಿ ಮಾಡ್ತಾರ, ಆಗ ಹಲ್ಲು ಹೋಗ್ತದ. ಸಂಪಿನ (ಎಂಜಿನ್ ತಳದ ಎಣ್ಣಿ ತೊಟ್ಟಿಯ) ಹಲ್ಲು ಕೆಡೋದು ಬಹುಮಟ್ಟಿಗೆ ಹಿಂಗ. ಸ್ಪ್ಲೆಂಡರ್ ಡಿಪ್‌ಸ್ಟಿಕ್ ನೋಡುವಾಗ ತಿರುವಿ ಬಿಗಿ ಮಾಡಬ್ಯಾಡ್ರಿ, ಸುಮ್ಮ ಒಳಗ ಇಟ್ಟು ತಗೀರಿ. ಬಿಗಿದು ನೋಡಿದ್ರ ಇದ್ದದ್ದಕ್ಕಿಂತ ಹೆಚ್ಚು ಎಣ್ಣಿ ತೋರಿಸ್ತದ.

ಸ್ಟ್ಯಾಂಡ್: ಎರಡೂ ಗಾಡಿಗೆ ಸೆಂಟರ್ ಸ್ಟ್ಯಾಂಡ್ ಇದ್ದ ಮ್ಯಾಲೆ ಪ್ಯಾಡಾಕ್ ಸ್ಟ್ಯಾಂಡ್ ಯಾಕ್ರಿ? ಅದು ಸೆಂಟರ್ ಸ್ಟ್ಯಾಂಡ್ ಇಲ್ಲದ, ಸ್ವಿಂಗ್‌ಆರ್ಮಿಗೆ ಸ್ಪೂಲ್ (ಸ್ಟ್ಯಾಂಡ್ ಸಿಗಿಸೋ ಗುಬಟಿ) ಹಾಕೋ ಗಾಡಿಗೆ. ಲಿಫ್ಟ್ ಟೇಬಲ್ ಸೊಂಟಕ್ಕ ಛಲೋ, ಆದ್ರ 10 ಅಡಿ ಅಗಲದಾಗ ಅದು ನಿಂತ್ರ ಎರಡನೇ ಗಾಡಿಗೆ ಜಾಗಾ ಇಕ್ಕಟ್ಟಾಗ್ತದ. ಒಂದು ಕತ್ತರಿ ಜಾಕ್ ಸಾಕು. ಮುಂದಿನ ಚಕ್ರ ಎತ್ತಾಕ ಎಂಜಿನ್ ಅಡಿಗೆ 25 ಮಿ.ಮೀ. ಹಲಗಿ ಇಟ್ಟು ಜಾಕ್ ಕೊಡ್ರಿ. ಸೈಲೆನ್ಸರ್ ಬೆಂಡಿಗಾಗಲಿ ಡ್ರೇನ್ ಬೋಲ್ಟಿಗಾಗಲಿ ತಾಗಬಾರದು. ಕ್ಲಾಸಿಕ್ 195 ಕಿಲೋ. ಸೆಂಟರ್ ಸ್ಟ್ಯಾಂಡ್ ಹಾಕುವಾಗ ಹಿಂದಿನ ಚಕ್ರದ ಅಡಿ 15 ಮಿ.ಮೀ. ಹಲಗಿ ಇಟ್ರ ಅರ್ಧ ಜೋರಿಗೆ ಏರ್ತದ, ಏರಿದ ಮ್ಯಾಲೆ ಹಲಗಿ ಜಗ್ಗಿ ತಗೀರಿ. ಹೆಂಚಿನ ಮಾಡಿನ ರೀಪಿಗೆ ಹಗ್ಗ ಕಟ್ಟಿ ಗಾಡಿ ತೂಗುಹಾಕೋ ವಿಚಾರ ಬಂದ್ರ ಅಲ್ಲೇ ಬಿಟ್ಟುಬಿಡ್ರಿ.

ಅರ್ಥಿಂಗ್ ಆಚಾರಿ, ಠಾಣೆ

ಬಲ್ಬಿನ ವೈರಿಗೆ ಬೋರ್ಡ್ ಸಿಕ್ಕಿಸಿ ಕೆಲಸ ಶುರು ಮಾಡಬೇಡಿ. ಮನೆಯ ಡಿಬಿಯಿಂದ (ಕರೆಂಟ್ ಹಂಚುವ ಪೆಟ್ಟಿಗೆ) ಪ್ರತ್ಯೇಕ ಸರ್ಕ್ಯೂಟ್: 4 ಚದರ ಮಿ.ಮೀ. ತಾಮ್ರ, ಮೂರು ಎಳೆ, 16 ಆಂಪಿಯರ್ ಸಿ-ಕರ್ವ್ (ಮೋಟರಿನ ಮೊದಲ ಎಳೆತ ತಾಳುವ) ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್, ಅದರ ಹಿಂದೆ ಸೋರಿಕೆ ಹಿಡಿದು ಬೀಳುವ 30 ಮಿಲಿಆಂಪಿಯರ್ ಆರ್‌ಸಿಸಿಬಿ. ಈ ಕೊನೆಯದನ್ನು ಗೋವಾದಲ್ಲಿ ಯಾವ ಕಾರಣಕ್ಕೂ ಬಿಡುವಂತಿಲ್ಲ. ಚಿರೆಮಣ್ಣು ಬೇಸಿಗೆಯಲ್ಲಿ ಒಣಗಿ ಅರ್ಥಿಂಗ್ ಕೆಡುತ್ತದೆ. ಲೆಕ್ಕ ನೋಡಿ: ಅರ್ಥ್ ರೆಸಿಸ್ಟೆನ್ಸ್ 20 ಓಮ್ ಇದ್ದರೆ, ಕಂಪ್ರೆಸರ್ ಮೈಗೆ ಕರೆಂಟ್ ಹರಿದಾಗ 230 ಭಾಗಿಸು 20, ಹನ್ನೊಂದೂವರೆ ಆಂಪಿಯರ್. 16ರ ಎಂಸಿಬಿಗೆ ಅದು ಮಾಮೂಲಿ ಲೋಡ್, ಬೀಳುವುದೇ ಇಲ್ಲ. ನೀವು ಒದ್ದೆ ನೆಲದಲ್ಲಿ ನಿಂತು ಅದನ್ನು ಮುಟ್ಟುತ್ತೀರಿ. ಆರ್‌ಸಿಸಿಬಿ ಅದೇ ಸೋರಿಕೆಗೆ ತಟ್ಟನೆ ಬೀಳುತ್ತದೆ. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ.

ಸಾಕೆಟ್‌ಗಳೆಲ್ಲ ನೆಲದಿಂದ 1.2 ಮೀಟರ್ ಮೇಲೆ. ಪೆಟ್ರೋಲ್ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ, ನೆಲದ ಮೇಲೆ ನೀರಿನಂತೆ ಹರಡಿ ಕೂರುತ್ತದೆ. ಕೆಳಗಿನ ಸ್ವಿಚ್ಚಿನ ಒಂದು ಕಿಡಿ ಸಾಕು. ಕೆಳಗಿನ ಗಾಳಿಕಿಂಡಿ ಬೇಕೆಂದು ಮೇಲಿನವರು ಹೇಳಿದ್ದು ಇದಕ್ಕೂ ಅನ್ವಯ. ಇನ್ವರ್ಟರ್, ಹಳೆಯ ಫ್ರಿಜ್, ನೀರಿನ ಪಂಪು, ಗ್ಯಾಸ್ ಸಿಲಿಂಡರ್ ಇವಾವುದೂ ಶೆಡ್ಡಿನೊಳಗೆ ಬೇಡ. ಆಯುಧಪೂಜೆಯ ದೀಪ ಹಚ್ಚುವುದಿದ್ದರೆ ಗಾಡಿ ಅಂಗಳಕ್ಕೆ ತಂದು ಹಚ್ಚಿ.

ಬೆಳಕು: 4 ಅಡಿಯ 20 ವಾಟ್ ಎಲ್‌ಇಡಿ ಟ್ಯೂಬ್ ಎರಡು. ನೆತ್ತಿಯ ಮೇಲೆ ಒಂದೇ ಹಾಕಿದರೆ ಬಗ್ಗಿದಾಗ ನಿಮ್ಮ ತಲೆಯ ನೆರಳೇ ಕೆಲಸದ ಮೇಲೆ ಬೀಳುತ್ತದೆ. ಗಾಡಿ ನಿಲ್ಲುವ ಗೆರೆಯಿಂದ ಎರಡೂ ಬದಿಗೆ ಎರಡೆರಡು ಅಡಿ ಸರಿಸಿ, ಗಾಡಿಯ ಉದ್ದಕ್ಕೇ ಹಾಕಿ. ಜೊತೆಗೆ ತಲೆಗೆ ಕಟ್ಟುವ ಎಲ್‌ಇಡಿ. ಬಿಸಿಯಾಗುವ ಹಳೆ ಬಲ್ಬಿನ ಕೈದೀಪ ಬೇಡ, ಅದರ ಮೇಲೆ ಪೆಟ್ರೋಲ್ ಹನಿ ಬಿದ್ದರೆ ಗಾಜು ಸಿಡಿಯುತ್ತದೆ.

ಅಗ್ನಿಶಾಮಕ: 4 ಅಥವಾ 6 ಕಿಲೋ ಎಬಿಸಿ ಪೌಡರ್, ಬಾಗಿಲ ಪಕ್ಕದಲ್ಲಿ. ಬೆಂಚಿನ ಹಿಂದೆ ಇಟ್ಟರೆ ಬೆಂಕಿ ದಾಟಿ ಹೋಗಿ ತರಬೇಕಾಗುತ್ತದೆ. ಎಂಜಿನ್ ಸ್ಟಾರ್ಟ್ ಮಾಡುವುದಿದ್ದರೆ ಸೈಲೆನ್ಸರ್ ಬಾಯಿ ಹೊರಗೆ ಬರುವಂತೆ ನಿಲ್ಲಿಸಿ. ಬಾಗಿಲು ಮುಚ್ಚಿ ಒಂದು ನಿಮಿಷವೂ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ.

ಕಂಪ್ರೆಸರ್ ಕೊಳ್ಳುವುದಿದ್ದರೆ 2 ಎಚ್‌ಪಿ, 24–25 ಲೀಟರ್ ಟ್ಯಾಂಕಿನ ಎಣ್ಣೆರಹಿತದ್ದು. ಮೋಟರ್ ಎದ್ದೇಳುವಾಗ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಸಿ-ಕರ್ವ್ ಹೇಳಿದ್ದು ಅದಕ್ಕೇ. ಟ್ಯಾಂಕಿನ ತಳದ ಬಿರಡೆ ಪ್ರತಿ ಸಲ ಕೆಲಸವಾದ ಮೇಲೆ ತೆರೆದು ನೀರು ಬಿಡಬೇಕು. ಮಳೆಗಾಲದ ಗಾಳಿಯನ್ನು ಒತ್ತಿದರೆ ನೀರು ಬಂದೇ ಬರುತ್ತದೆ, ಬಿಡದಿದ್ದರೆ ಟ್ಯಾಂಕ್ ಒಳಗಿನಿಂದ ತಿಂದುಹೋಗುತ್ತದೆ.

ಡೊಂಬಿವಿಲಿ ಫಾಸ್ಟ್

ಕಂಪ್ರೆಸರ್ ವಿಷಯದಲ್ಲಿ ನನ್ನದು ಬೇರೆ ಮಾತು. 25 ಲೀಟರಿನದ್ದು ಗಾಳಿಯ ಇಂಪ್ಯಾಕ್ಟ್ ರೆಂಚನ್ನು ಕೆಲವು ಸೆಕೆಂಡ್ ಓಡಿಸಿ ಏದುಸಿರು ಬಿಡುತ್ತದೆ. ಉಳಿಯುವುದು ಟೈರಿಗೆ ಗಾಳಿ ಮತ್ತು ಧೂಳು ಊದುವುದು. ಟೈರಿಗೆ 12 ವೋಲ್ಟಿನ ಪುಟ್ಟ ಪಂಪು ಸಾಕು. ಇನ್ನು ಊದುವುದು ಎಂದರೆ ಎಲ್ಲರೂ ಮೊದಲು ಊದುವುದು ಬ್ರೇಕ್ ಡ್ರಮ್ಮಿನ ಧೂಳನ್ನು. ಅದನ್ನಂತೂ ಊದಲೇಬಾರದು. ಹಳೆಯ ಬ್ರೇಕ್ ಶೂಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಆ ಪುಡಿ ಶ್ವಾಸಕೋಶಕ್ಕೆ ಹೋದರೆ ಹೊರಬರುವುದಿಲ್ಲ. ಸೋಪುನೀರಿನ ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಚೀಲಕ್ಕೆ ಕಟ್ಟಿ ಎಸೆಯಿರಿ. ಕಂಪ್ರೆಸರಿನ ಹಣದಲ್ಲಿ ಎರಡನೇ ಟಾರ್ಕ್ ರೆಂಚ್ ಬರುತ್ತದೆ.

ಈ ಕಡೆ ಫ್ಲ್ಯಾಟ್‌ನವರು ಓದುತ್ತಿದ್ದರೆ: ಶೆಡ್ ಇಲ್ಲದಿದ್ದರೂ ಇದೇ ಕೆಲಸ ಸೊಸೈಟಿಯ ಪಾರ್ಕಿಂಗಿನಲ್ಲಿ ಆಗುತ್ತದೆ. ಹಳೆಯ ಫ್ಲೆಕ್ಸ್ ಬ್ಯಾನರ್ 6×8 ಅಡಿಯದ್ದು ನೆಲಕ್ಕೆ, ಅದರ ಮೇಲೆ ಬಿಚ್ಚಿದ ರಟ್ಟಿನ ಪೆಟ್ಟಿಗೆ. ಫ್ಲೆಕ್ಸ್ ಎಣ್ಣೆ ತಡೆಯುತ್ತದೆ, ರಟ್ಟು ಹೀರುತ್ತದೆ. ಚಕ್ರವಿರುವ ಪೆಟ್ಟಿಗೆಯೊಂದರಲ್ಲಿ ಹತ್ಯಾರ, 5 ಲೀಟರಿನ ಡ್ರೇನ್ ತಟ್ಟೆ, ಮರದ ಹೊಟ್ಟು ಒಂದು ಡಬ್ಬಿ. ಪೇವರ್ ಬ್ಲಾಕಿನ ಮೇಲೆ ಒಂದು ಎಣ್ಣೆ ಕಲೆ ಕಂಡರೆ ಕಮಿಟಿಯವರು ಆಮೇಲೆ ಗಾಡಿ ತೊಳೆಯಲೂ ಬಿಡುವುದಿಲ್ಲ.

ಚಿಕಾಲಿಂ ಕಿಕ್ಕರ್

ಎಲ್ಲರಿಗೂ ಧನ್ಯವಾದ. ಕಾಂಕ್ರೀಟ್ ಖಚಿತ, ಕಂಪ್ರೆಸರ್ ಮುಂದಿನ ವರ್ಷಕ್ಕೆ. ಬೆಂಚನ್ನು ಪೂರ್ವದ ಗೋಡೆಗೆ ಆಂಕರ್ ಬೋಲ್ಟ್ ಹಾಕಿ ನಿಲ್ಲಿಸೋಣ ಅಂತಿದ್ದೇನೆ. ಸರಿಯೇ? ತುಕ್ಕಿನ ಪ್ರಶ್ನೆ, ಹಳೆ ಎಣ್ಣೆಯ ಪ್ರಶ್ನೆ ಹಾಗೇ ಉಳಿದಿವೆ.

ನೆಲಗಟ್ಟು, ಮಡಗಾಂವ್

ಚಿರೆಕಲ್ಲಿಗೆ ಆಂಕರ್ ಬೋಲ್ಟ್ ನಂಬಬೇಡಿ. ಕಲ್ಲು ತೂತುತೂತು, ಮೆದು. ಬೋಲ್ಟ್ ಹಿಗ್ಗಿ ಹಿಡಿಯಬೇಕಾದ ಕಡೆ ಕಲ್ಲೇ ಪುಡಿಯಾಗುತ್ತದೆ. ವೈಸಿನ ಮೇಲೆ ನಾಲ್ಕು ಸಲ ಜೋರಾಗಿ ಎಳೆದರೆ ಬೆಂಚು ಗೋಡೆ ಬಿಟ್ಟು ಬರುತ್ತದೆ. ತನ್ನ ಕಾಲ ಮೇಲೆ ನಿಲ್ಲುವ ಬೆಂಚ್ ಮಾಡಿಸಿ: 40×40 ಮಿ.ಮೀ. ಕಬ್ಬಿಣದ ಆಂಗಲ್, ಉದ್ದ 1500, ಅಗಲ 600, ಎತ್ತರ 900 ಮಿ.ಮೀ. ಮೇಲೆ 25 ಮಿ.ಮೀ. ಮರೈನ್ ಪ್ಲೈವುಡ್. ಪಾದಗಳನ್ನು ಕಾಂಕ್ರೀಟ್ ನೆಲಕ್ಕೆ ಬೋಲ್ಟ್ ಮಾಡಿ, ಅದು ಹಿಡಿಯುತ್ತದೆ. ಆದರೆ 60 ಮಿ.ಮೀ.ಗಿಂತ ಆಳ ಕೊರೆಯಬೇಡಿ, ಕೆಳಗಿನ ಪಾಲಿಥಿನ್ ಹರಿದರೆ ಮಾಡಿದ್ದೆಲ್ಲ ವ್ಯರ್ಥ. 4 ಇಂಚಿನ ವೈಸ್ ಕಾಲಿನ ನೇರ ಮೇಲೆ, ಮೂಲೆಯಲ್ಲಿ; ಅದರ ಸ್ಥಿರ ದವಡೆ ಬೆಂಚಿನ ಅಂಚಿಗಿಂತ ಒಂದು ಕೂದಲು ಮುಂದೆ ಇದ್ದರೆ ಉದ್ದನೆಯ ಪೈಪನ್ನು ನೆಟ್ಟಗೆ ಹಿಡಿಯಬಹುದು. ಬೆಂಚಿಗೂ ಗೋಡೆಗೂ, ಕಪಾಟಿಗೂ ಗೋಡೆಗೂ ನಡುವೆ ಮೂರು ಇಂಚು ಬಿಡಿ. ಗಾರೆಯಿಲ್ಲದ ಗೋಡೆ ಜುಲೈನಲ್ಲಿ ಬೆವರುತ್ತದೆ.

ಉಪ್ಪುಗಾಳಿ, ವಾಸ್ಕೋ

ತುಕ್ಕಿಗೆ ಕಾರಣ ನೀರೊಂದೇ ಅಲ್ಲ, ಉಪ್ಪು. ಲೋಹದ ಮೇಲೆ ಕೂತ ಉಪ್ಪಿನ ಕಣ ಗಾಳಿಯ ತೇವ ಎಳೆದು ತಾನೇ ಹನಿಯಾಗುತ್ತದೆ, ಆದ್ದರಿಂದ ಮಳೆ ತಾಗದ ಸ್ಪ್ಯಾನರೂ ತುಕ್ಕು ಹಿಡಿಯುತ್ತದೆ. ವಾಸ್ಕೋದಲ್ಲಿ ಬಂದರಿನ ಕಲ್ಲಿದ್ದಲ ಧೂಳೂ ಸೇರಿ ಎಣ್ಣೆ ಹಚ್ಚಿದ ಚೈನಿನ ಮೇಲೆ ಕಪ್ಪು ಅರೆಯುವ ಪೇಸ್ಟಾಗುತ್ತದೆ.

ಹತ್ಯಾರಕ್ಕೆ ಅಗ್ಗದ ಉಪಾಯ ಬಿಸಿ. ಸಾಕೆಟ್‌ಗಳಂತೆ ನೆಲದಿಂದ 1.2 ಮೀಟರ್ ಮೇಲೆ ಕೂರಿಸಿದ ಮುಚ್ಚಿದ ಕಪಾಟಿನ ತಳದಲ್ಲಿ 40 ವಾಟಿನ ಹಳೆಯ ತಂತಿ ಬಲ್ಬ್, ಕೆಳಗೂ ಮೇಲೂ ನಾಲ್ಕು ತೂತು. 27 ಡಿಗ್ರಿಯಲ್ಲಿ ತೇವಾಂಶ 90 ಪ್ರತಿಶತ ಇದ್ದಾಗ, ಒಳಗಿನ ಗಾಳಿ 5 ಡಿಗ್ರಿ ಬೆಚ್ಚಗಾದರೆ ಅದೇ ತೇವಾಂಶ ಸುಮಾರು 68ಕ್ಕೆ ಇಳಿಯುತ್ತದೆ. ಎಲ್‌ಇಡಿ ಹಾಕಿದರೆ ಈ ಬಿಸಿ ಸಿಗುವುದಿಲ್ಲ. ಕಪಾಟಿನಲ್ಲಿ ಪೆಟ್ರೋಲ್, ಥಿನ್ನರ್, ಸ್ಪ್ರೇ ಡಬ್ಬಿ ಇಡುವಂತಿಲ್ಲ. ಅವು ಮನೆಯಿಂದಲೂ ಶೆಡ್ಡಿನಿಂದಲೂ ದೂರ ನೆರಳಲ್ಲಿ ಇರಲಿ. ಬಲ್ಬ್ ಬೇಡವೆಂದರೆ ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ (ತೇವ ಹೀರುವ ಹರಳು). ಬಣ್ಣ ತಿರುಗಿದಾಗ ಓವನ್‌ನಲ್ಲಿ 120 ಡಿಗ್ರಿಗೆ ಒಂದೆರಡು ಗಂಟೆ ಇಟ್ಟರೆ ಮತ್ತೆ ಕೆಲಸಕ್ಕೆ ಬರುತ್ತದೆ. ಬೆವರಿದ ಕೈಯಲ್ಲಿ ಹಿಡಿದ ಸ್ಪ್ಯಾನರನ್ನು ಎಣ್ಣೆಬಟ್ಟೆಯಲ್ಲಿ ಒರೆಸದೆ ಒಳಗಿಡಬೇಡಿ, ಬೆವರೂ ಉಪ್ಪೇ. ಡ್ರಾಯರ್‌ನಲ್ಲಿ ಒಂದೆರಡು ಬಿಲ್ಲೆ ಕರ್ಪೂರ ಇಡುವುದು ಲೇತ್ ಕೆಲಸದವರ ಹಳೆಯ ರೂಢಿ. ಖರ್ಚಿಲ್ಲ, ಇಡಿ, ಅದನ್ನೇ ನಂಬಿ ಎಣ್ಣೆ ಬಿಡಬೇಡಿ.

ಗಾಡಿಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಬೇಡ. ತೇವ ಒಳಗೇ ಸಿಕ್ಕಿ ಚಕ್ರದ ಕಡ್ಡಿ, ರಿಮ್ ಎರಡೂ ಹೋಗುತ್ತವೆ. ಹತ್ತಿ ಬೆಡ್‌ಶೀಟ್ ವಾಸಿ. ಚೈನಿಗೆ ಸೀಮೆಎಣ್ಣೆಯಲ್ಲಿ ತೊಳೆದು 90 ನಂಬರಿನ ಗೇರ್ ಆಯಿಲ್, 500 ಕಿ.ಮೀ.ಗೊಮ್ಮೆ, ಮಳೆಯಲ್ಲಿ ಓಡಿಸಿದ ದಿನ ರಾತ್ರಿಯೇ. ಓ-ರಿಂಗ್ (ಕೊಂಡಿಗಳಲ್ಲಿ ರಬ್ಬರ್ ಬಳೆ ಇರುವ) ಚೈನಿಗೆ ಪೆಟ್ರೋಲ್ ಮಾತ್ರ ಮುಟ್ಟಿಸಬೇಡಿ. ಬ್ರೇಕ್ ಫ್ಲೂಯಿಡ್‌ನ ಸಣ್ಣ ಬಾಟಲಿಯನ್ನೇ ಕೊಳ್ಳಿ. ಡಾಟ್ 4 ದರ್ಜೆಯ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ, ಹೊಸದರ ಕುದಿಬಿಂದು ಕನಿಷ್ಠ 230 ಡಿಗ್ರಿ ಇದ್ದದ್ದು ತೇವ ಹೀರಿದ ಮೇಲೆ 155ರ ತನಕ ಇಳಿಯಬಹುದು. ಸೀಲ್ ಒಡೆದು ಅರ್ಧ ಉಳಿದ ಬಾಟಲಿ ಮುಂದಿನ ವರ್ಷಕ್ಕಲ್ಲ. ಕ್ಲಾಸಿಕ್‌ನಲ್ಲಿ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇದೆ. ಬ್ಲೀಡ್ ಮಾಡುವಾಗ (ಬ್ರೇಕ್ ಪೈಪಿನ ಗಾಳಿ ತೆಗೆಯುವಾಗ) ಮೇಲಿನ ಡಬ್ಬಿ ಖಾಲಿಯಾಗಲು ಬಿಟ್ಟರೆ ಎಬಿಎಸ್ ಮಾಡ್ಯುಲೇಟರಿಗೆ ಹೊಕ್ಕ ಗಾಳಿಯನ್ನು ಮನೆಯಲ್ಲಿ ತೆಗೆಯುವುದು ಬಲು ಕಷ್ಟ. ಈ ದ್ರವ ಟ್ಯಾಂಕಿನ ಬಣ್ಣದ ಮೇಲೆ ಬಿದ್ದರೆ ಒರೆಸದೆ ತಕ್ಷಣ ನೀರು ಸುರಿಯಿರಿ.

ವಾರಗಟ್ಟಲೆ ನಿಲ್ಲುವ ಗಾಡಿಗೆ: ಈಗಿನ ಪೆಟ್ರೋಲಿನಲ್ಲಿ 20 ಪ್ರತಿಶತ ಎಥನಾಲ್, ಅದೂ ನೀರು ಹೀರುತ್ತದೆ. ಟ್ಯಾಂಕ್ ಅರ್ಧ ಖಾಲಿ ಬಿಟ್ಟರೆ ಒಳಗಿನ ಗಾಳಿಯ ತೇವವೆಲ್ಲ ಅದಕ್ಕೇ. ತುಂಬಿಸಿ ನಿಲ್ಲಿಸಿ. ಸ್ಪ್ಲೆಂಡರಿನ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬುರೇಟರಿನ ಕೆಳಗಿನ ಡ್ರೇನ್ ಸ್ಕ್ರೂ ಬಿಚ್ಚಿ ಬಟ್ಟಲು ಖಾಲಿ ಮಾಡಿ. ಇಲ್ಲದಿದ್ದರೆ ಪೈಲಟ್ ಜೆಟ್ (ಕಾರ್ಬುರೇಟರಿನೊಳಗಿನ ಸಣ್ಣ ತೂತು) ಕಟ್ಟುತ್ತದೆ. ಬ್ಯಾಟರಿಗೆ ಕಾರಿನ ಚಾರ್ಜರ್ ಹಾಕಬೇಡಿ. ಸಾಮರ್ಥ್ಯದ ಹತ್ತನೇ ಒಂದು ಲೆಕ್ಕ: ಕ್ಲಾಸಿಕ್‌ನ 8 ಆಂಪಿಯರ್-ಅವರ್‌ಗೆ 0.8 ಆಂಪಿಯರ್, ಸ್ಪ್ಲೆಂಡರಿನದು 3 ಇದ್ದರೆ 0.3. ಚಾರ್ಜರ್ ತೆಗೆದು ಕೆಲವು ಗಂಟೆ ಬಿಟ್ಟು ನೋಡಿದಾಗ 12.7 ವೋಲ್ಟ್ ಇದ್ದರೆ ತುಂಬಿದೆ, 12.4ಕ್ಕಿಂತ ಕೆಳಗಾದರೆ ಮತ್ತೆ ಹಾಕಿ.

ಹಳೆ ಎಣ್ಣೆ: 2016ರ ನಿಯಮಗಳಲ್ಲಿ ಅದು ಅಪಾಯಕಾರಿ ತ್ಯಾಜ್ಯ. ಬಾವಿಯ ಸುತ್ತ, ತೆಂಗಿನ ಬುಡಕ್ಕೆ, ಗೆದ್ದಲು ಬರದಿರಲೆಂದು ಕಂಬಕ್ಕೆ, ಎಲ್ಲೂ ಸುರಿಯುವಂತಿಲ್ಲ. ಆಯಿಲ್ ಬಂದ ಡಬ್ಬಿಗೇ ತುಂಬಿ, ಮೇಲೆ "ಹಳೆಯದು" ಎಂದು ಬರೆದು, 5 ಲೀಟರ್ ಆದಾಗ ಸರ್ವಿಸ್ ಸೆಂಟರಿಗೆ ಕೊಡಿ. ಅಲ್ಲಿಂದ ಅದು ಮರುಶುದ್ಧಿಗೆ ಹೋಗುವ ದಾರಿ ಇರುತ್ತದೆ. ಬ್ರೇಕ್ ಫ್ಲೂಯಿಡ್, ಸೀಮೆಎಣ್ಣೆ ಅದಕ್ಕೆ ಬೆರೆಸಬೇಡಿ, ಬೆರೆತದ್ದನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಎಣ್ಣೆಬಟ್ಟೆಗಳಿಗೆ ಮುಚ್ಚಳವಿರುವ ತಗಡಿನ ಡಬ್ಬಿ. ಬೆಂಚಿನ ಮರಕ್ಕೆ ಅಗಸೆ ಎಣ್ಣೆ ಹಚ್ಚುವುದಿದ್ದರೆ ಆ ಬಟ್ಟೆಯನ್ನು ಮುದುರಿ ಎಲ್ಲೂ ಎಸೆಯದೆ ಹೊರಗೆ ಹರಡಿ ಒಣಗಿಸಿ, ಮುದುರಿದ ಅಗಸೆ ಎಣ್ಣೆಯ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ.

ಪಾನಾಪಕ್ಕಡ್, ಪುಣೆ

ಒಂದು ಬಿಟ್ಟಿದ್ದೆ. ಸೈಡ್ ಸ್ಟ್ಯಾಂಡಿನ ಪಾದದ ಅಡಿಗೆ 100×100 ಮಿ.ಮೀ., 6 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿ ತುಂಡು ಒಂದು ಇಟ್ಕೊಳ್ರಿ. ಹೊಸಾ ಕಾಂಕ್ರೀಟಿನ ಮ್ಯಾಲೆ ಕ್ಲಾಸಿಕ್ ಒಂದೇ ಜಾಗಾದಾಗ ನಿಂತ್ರ ಅಲ್ಲೇ ಕುಳಿ ಬೀಳ್ತದ. ಆ ಪಟ್ಟಿಗೆ ಕೆಂಪು ಬಣ್ಣ ಹಚ್ರಿ, ಇಲ್ಲಾಂದ್ರ ಕಾಲಾಗ ಎಡವಿ ಬೀಳ್ತೀರಿ.